ಅಡ್ಡಗಾಲೆಂಬ ಅಪವಾದ

ಹಳೆಯ ಊರೊಂದರಲ್ಲಿ ಒಂದು ಬೀದಿಯನ್ನು ಕೆಡವಿ ಅಲ್ಲಿ ಅಗಲವಾದ ರಸ್ತೆಯನ್ನೋ ಅಂಗಡಿಗಳ ಸಂಕೀರ್ಣವನ್ನೋ ನಿರ್ಮಿಸಬೇಕೆಂದು ನಗರಸಭೆಯು ನಿಶ್ಚಯಿಸಿದಾಗ, ಆ ಊರಿನ ಹತ್ತಾರು ಮಂದಿ ನಾಗರಿಕರು ಸಂಘವೊಂದನ್ನು ಕಟ್ಟಿಕೊಂಡು, ನಕ್ಷೆಗಳನ್ನು ತರಿಸಿ ಪರಿಶೀಲಿಸಿ, ಆಕ್ಷೇಪಣೆಗಳನ್ನು ಬರೆದು, ಇದು ಬೇಡವೆಂದು ವಾದಿಸಿದರೆ, ಅಂಥವರ ವಿಷಯದಲ್ಲಿ ಇಂದು ವಿದ್ಯಾವಂತರ ನಡುವೆ ಹರಡಿರುವ ಅಭಿಪ್ರಾಯವು ಇದು: ಇವರು ಬಿಡುವುಳ್ಳ ಸ್ಥಿತಿವಂತರು, ಜೀವಂತ ಮನುಷ್ಯರಿಗಿಂತ ಹಳೆಯ ಕಲ್ಲುಗಳನ್ನು ಹೆಚ್ಚಾಗಿ ಪ್ರೀತಿಸತಕ್ಕವರು, ತಾವು ಯಾರಿಂದಲೂ ಚುನಾಯಿತರಾಗದೆ ಚುನಾಯಿತರ ಕೆಲಸಕ್ಕೆ ಅಡ್ಡಗಾಲು ಹಾಕತಕ್ಕವರು, ಉಳಿಸಲೇಬೇಕಾದ ಅರಮನೆ ದೇಗುಲಗಳನ್ನು ಸರ್ಕಾರವೇ ನೋಡಿಕೊಳ್ಳುತ್ತಿರುವಾಗ, ಮಿಕ್ಕ ಸಾಧಾರಣ ಮನೆಮಠಗಳಿಗಾಗಿ ಊರಿನ ಅಭ್ಯುದಯವನ್ನೇ ತಡೆದು ನಿಲ್ಲಿಸತಕ್ಕವರು. ಈ ಅಭಿಪ್ರಾಯವು ಎಷ್ಟು ಬಳಕೆಯಾಗಿ ಹೋಗಿದೆಯೆಂದರೆ, ಅದನ್ನು ಆಡುವವರು ಅದಕ್ಕೆ ಆಧಾರವನ್ನು ಕೊಡಬೇಕೆಂದು ಭಾವಿಸುವುದಿಲ್ಲ. ಕೇಳುವವರು ಕೇಳುವುದೂ ಇಲ್ಲ. ಅದು ಅಲ್ಪಸ್ವಲ್ಪ ತಪ್ಪಲ್ಲ, ಬುಡದಿಂದಲೇ ತಪ್ಪು ಎಂಬುದು ನನ್ನ ದೃಢವಾದ ನಂಬಿಕೆ.

ಇಂಥ ವಿವಾದವನ್ನು ಕೇವಲ ತತ್ತ್ವದ ಮಟ್ಟದಲ್ಲಿ ನಡೆಸಿದರೆ ಎರಡು ಪಕ್ಷಗಳಿಗೂ ಸುಂದರವಾದ ಮಾತುಗಳು ಬೇಕಾದಷ್ಟು ಸಿಕ್ಕುತ್ತವೆ, ನಿರ್ಣಯ ಮಾತ್ರ ಸಿಕ್ಕುವುದಿಲ್ಲ. ಆದುದರಿಂದ, ಈ ಜಗಳವು ನೂರು ವರ್ಷಗಳಿಗೂ ಮೀರಿ ನಡೆದು ಅದರ ಫಲಾಫಲಗಳು ಕಣ್ಣಿಗೆ ಕಾಣುವಂತೆ ನಿಂತಿರುವ ಒಂದು ಊರನ್ನು ಪರೀಕ್ಷೆಗೆ ತೆಗೆದುಕೊಳ್ಳುತ್ತೇನೆ. ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ, ಏವನ್ ನದಿಯ ತಿರುವಿನಲ್ಲಿ, ಹಸಿರು ಗುಡ್ಡಗಳ ನಡುವಣ ತಗ್ಗಿನಲ್ಲಿ ಇರುವ ಬಾತ್ ನಗರವು ಸುಮಾರು ಒಂದು ಲಕ್ಷ ಜನಸಂಖ್ಯೆಯ ಸಣ್ಣ ಊರು. ಅಲ್ಲಿಯ ಬಿಸಿನೀರಿನ ಬುಗ್ಗೆಯ ಸುತ್ತ ರೋಮನರು ಸ್ನಾನಗೃಹಗಳನ್ನೂ ಸುಲಿಸ್ ಮಿನರ್ವಾ ದೇವಿಯ ಗುಡಿಯನ್ನೂ ಕಟ್ಟಿದರು. ಹದಿನೆಂಟನೆಯ ಶತಮಾನದಲ್ಲಿ, ಆ ನೀರಿಗಾಗಿಯೂ ಮನೋರಂಜನೆಗಾಗಿಯೂ ಇಂಗ್ಲೆಂಡಿನ ಸಿರಿವಂತರೆಲ್ಲ ಅಲ್ಲಿಗೆ ಧಾವಿಸತೊಡಗಿದಾಗ, ಜಾನ್ ವುಡ್ ಎಂಬ ವಾಸ್ತುಶಿಲ್ಪಿಯೂ ಅದೇ ಹೆಸರಿನ ಅವನ ಮಗನೂ ಕ್ವೀನ್ ಸ್ಕ್ವೇರ್, ಸರ್ಕಸ್, ರಾಯಲ್ ಕ್ರೆಸೆಂಟ್ ಎಂಬ ಮಹಾಪಂಕ್ತಿಗಳನ್ನು ರಚಿಸಿದರು. 1767ರಿಂದ 1774ರವರೆಗೆ ಎದ್ದ ರಾಯಲ್ ಕ್ರೆಸೆಂಟಿನಲ್ಲಿ 30 ಮನೆಗಳು ಒಂದೇ ಅರಮನೆಯೆಂಬಂತೆ ಅರ್ಧಚಂದ್ರಾಕಾರವಾಗಿ ನಿಂತಿವೆ. ಕಲ್ಲು ಊರಿನ ಮೇಲಣ ಕೂಂಬ್ ಡೌನ್ ಗುಡ್ಡದ ಗಣಿಗಳದು. ಗಣಿಯಿಂದ ತೆಗೆದಾಗ ಗರಗಸದಲ್ಲಿ ಕೊಯ್ಯಬಹುದಾದಷ್ಟು ಮೃದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ, ಬಣ್ಣ ಜೇನಿನದು.

ಆದರೆ ಬಾತಿನ ವೈಶಿಷ್ಟ್ಯವು ಈ ಮಹಾಪಂಕ್ತಿಗಳಲ್ಲಿ ಮುಗಿಯುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಮುಂದಣ ವಾದವೆಲ್ಲ ಇದರ ಮೇಲೆ ನಿಂತಿದೆ. ಆ ಭವನಗಳನ್ನು ಕಟ್ಟಿದ ಕಲ್ಲುಕುಟಿಗರೂ ಬಡಗಿಗಳೂ, ಅಲ್ಲಿ ದುಡಿದ ಸೇವಕರೂ, ಅಲ್ಲಿಯವರಿಗೆ ಬಟ್ಟೆ ಹೊಲಿದ ಸಿಂಪಿಗರೂ ವಾಸವಾಗಿದ್ದ ಸಣ್ಣ ಸಣ್ಣ ಸಾಲುಮನೆಗಳು ಕೂಡ ಅದೇ ಕಲ್ಲಿನವು, ಅದೇ ಪ್ರಮಾಣಸೂತ್ರದವು. ಸ್ತಂಭವಿಲ್ಲ, ಶಿಲ್ಪವಿಲ್ಲ, ಆದರೆ ಕಿಟಕಿಯ ಎತ್ತರಕ್ಕೂ ಅಗಲಕ್ಕೂ ಇರುವ ಸಂಬಂಧ, ಬಾಗಿಲ ಮೇಲಣ ಸರಳವಾದ ಅಂಚು, ಗುಡ್ಡದ ಇಳಿಜಾರನ್ನು ಅನುಸರಿಸಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಚಾವಣಿಗಳ ಸಾಲು, ಇವೆಲ್ಲ ಕ್ರೆಸೆಂಟಿನ ರಚನೆಯನ್ನು ಆಳಿದ ಮನಸ್ಸಿನಿಂದಲೇ ಹೊರಟವು. ಅರಸುಮನೆಗೂ ಆಳಿನ ಮನೆಗೂ ಒಂದೇ ವ್ಯಾಕರಣವನ್ನು ಕೊಟ್ಟ ಊರುಗಳು ಲೋಕದಲ್ಲಿ ಬಹಳ ಇಲ್ಲ.

ಈಗ ಸಂಘದ ಕಥೆಗೆ ಬರೋಣ. 1909ರಲ್ಲಿ ಬಾತಿನ ಪುರಪಿತೃಗಳು, ರೋಮನ್ ಸ್ನಾನಗೃಹದ ಬಳಿಯ ಗ್ರ್ಯಾಂಡ್ ಪಂಪ್ ರೂಮ್ ಹೋಟೆಲನ್ನು ವಿಸ್ತರಿಸುವುದಕ್ಕಾಗಿ, ಎರಡು ಪಕ್ಕಗಳಲ್ಲಿಯೂ ಕಂಬಸಾಲುಗಳುಳ್ಳ ಬಾತ್ ಸ್ಟ್ರೀಟ್ ಎಂಬ ಬೀದಿಯ ಉತ್ತರಪಾರ್ಶ್ವವನ್ನು ಕೆಡವಿಸಬೇಕೆಂದು ಹೊರಟರು. ಅವರ ವಾದ ಇಂದಿನವರ ವಾದವೇ: ಊರು ಅತಿಥಿಗಳಿಂದ ಬದುಕುತ್ತದೆ, ಅತಿಥಿಗಳಿಗೆ ಹೋಟೆಲು ಬೇಕು, ಹೋಟೆಲಿಗೆ ಜಾಗ ಬೇಕು, ಹಳೆಯ ಕಂಬಗಳಿಂದ ಹೊಟ್ಟೆ ತುಂಬುವುದಿಲ್ಲ. ಆಗ ಕೆಲವರು ನಾಗರಿಕರು ಓಲ್ಡ್ ಬಾತ್ ಪ್ರಿಸರ್ವೇಷನ್ ಸೊಸೈಟಿ ಎಂಬ ಸಂಘವನ್ನು ಕಟ್ಟಿ ವಿರೋಧಿಸಿದರು, ಕಂಬಸಾಲು ಉಳಿಯಿತು. ಅಭಿವೃದ್ಧಿಯ ಹೆಸರಿನಲ್ಲಿ ಯಾವ ಹೋಟೆಲಿಗಾಗಿ ಆ ಬೀದಿಯನ್ನು ಬಲಿಗೊಡಬೇಕೆಂದು ಕೇಳಿದರೋ, ಆ ಹೋಟೆಲನ್ನು 1959ರಲ್ಲಿ, ಇನ್ನು ಉಪಯೋಗವಿಲ್ಲವೆಂದು, ಕೆಡವಿಹಾಕಿದರು. ಬಾತ್ ಸ್ಟ್ರೀಟಿನ ಕಂಬಗಳ ನೆರಳಿನಲ್ಲಿ ಇಂದಿಗೂ ಜನ ನಡೆದಾಡುತ್ತಾರೆ. ಆ ಸಂಘದವರು ಸೋತಿದ್ದರೆ ಊರಿಗೆ ಬೀದಿಯೂ ಇರುತ್ತಿರಲಿಲ್ಲ, ಹೋಟೆಲೂ ಇರುತ್ತಿರಲಿಲ್ಲ. ಅಂದು ಅವರನ್ನು ಕಾಲವನ್ನರಿಯದವರೆಂದು ಜರೆದವರು ಐವತ್ತು ವರ್ಷ ಮುಂದಕ್ಕೆ ನೋಡಲಾರದೆ ಹೋದರಲ್ಲ, ಹಾಗಾದರೆ ಕಾಲವನ್ನರಿತವರು ಯಾರು?

1934ರಲ್ಲಿ, ನಗರದ ಹಳೆಯ ಭಾಗಗಳನ್ನು ಸೀಳಿಕೊಂಡು ಹೊಸ ರಸ್ತೆಗಳನ್ನು ಹಾಯಿಸುವ ಸನ್ನಾಹವನ್ನು ಎದುರಿಸುವುದಕ್ಕಾಗಿ ಬಾತ್ ಪ್ರಿಸರ್ವೇಷನ್ ಟ್ರಸ್ಟ್ ಹುಟ್ಟಿತು; ನಾನು ಸಮರ್ಥಿಸಲು ಹೊರಟಿರುವುದು ಮುಖ್ಯವಾಗಿ ಇದರ ಕಾರ್ಯವನ್ನು. ಆ ಹೋರಾಟದ ಫಲವಾಗಿ ರಸ್ತೆಯ ಯೋಜನೆ ತಗ್ಗಿತಲ್ಲದೆ, 1937ರ ಶಾಸನದಿಂದ ಸಾವಿರಕ್ಕೂ ಮಿಕ್ಕ ಹಳೆಯ ಮನೆಗಳ ಹೊರಮುಖಗಳಿಗೆ ರಕ್ಷಣೆ ದೊರೆಯಿತು. ಹೊರಮುಖಗಳಿಗೆ ಮಾತ್ರ ಎಂಬುದನ್ನು ಗಮನಿಸಬೇಕು. ಆ ಕೊರತೆಯ ಬೆಲೆಯನ್ನು ಊರು ಮುಂದೆ ತೆತ್ತಿತು.

1942ರ ಏಪ್ರಿಲ್ ತಿಂಗಳ ಕೊನೆಯಲ್ಲಿ, ಲ್ಯೂಬೆಕ್ ನಗರದ ಮೇಲಣ ಬ್ರಿಟಿಷ್ ದಾಳಿಗೆ ಪ್ರತೀಕಾರವಾಗಿ, ಜರ್ಮನ್ ವಿಮಾನಗಳು ಎರಡು ರಾತ್ರಿ ಬಾತಿನ ಮೇಲೆ ಬಾಂಬುಗಳನ್ನು ಸುರಿಸಿದವು. ನಾನೂರಕ್ಕೂ ಹೆಚ್ಚು ಜನ ಸತ್ತರು. ನಾಲ್ಕೇ ವರ್ಷಗಳ ಹಿಂದೆ ಜೀರ್ಣೋದ್ಧಾರ ಮುಗಿದು ತೆರೆದಿದ್ದ ಅಸೆಂಬ್ಲಿ ರೂಮ್ಸ್ ಭವನ ಸುಟ್ಟು ಗೋಡೆಗಳು ಮಾತ್ರ ನಿಂತವು. ಆ ಭವನವನ್ನು ಮತ್ತೆ ಕಟ್ಟಿ 1963ರಲ್ಲಿ ತೆರೆದರು. ಶತ್ರು ಕೆಡವಿದುದನ್ನು ಇಷ್ಟು ಶ್ರದ್ಧೆಯಿಂದ ಎಬ್ಬಿಸಿ ನಿಲ್ಲಿಸಿದ ಊರು, ಅದೇ ದಶಕದಲ್ಲಿ ಶತ್ರು ಬಿಟ್ಟುಹೋದುದನ್ನು ತನ್ನ ಕೈಯಾರೆ ಕೆಡವಲು ತೊಡಗಿತೆಂಬುದು ನಂಬಲು ಕಷ್ಟವಾದ ಸಂಗತಿ. ಆದರೂ ನಡೆದುದು ಅದೇ. ಬ್ಯಾಲೆನ್ಸ್ ಸ್ಟ್ರೀಟ್, ಲ್ಯಾಂಪಾರ್ಡ್ಸ್ ಬಿಲ್ಡಿಂಗ್ಸ್, ಸೌತ್‌ಗೇಟ್ ಸ್ಟ್ರೀಟ್ ಮೊದಲಾದ ಎಡೆಗಳಲ್ಲಿ ಕುಶಲಕರ್ಮಿಗಳ ಸಾಲುಮನೆಗಳು ಬೀದಿಬೀದಿಯಾಗಿ ಉರುಳಿದವು. ಇಷ್ಟು ಸಾಲದೆಂಬಂತೆ, ಕಾಲಿನ್ ಬ್ಯುಕ್ಯಾನನ್ ಎಂಬ ಪ್ರಸಿದ್ಧ ಸಂಚಾರತಜ್ಞರ ಸಲಹೆಯಂತೆ ನಗರಗರ್ಭದ ಅಡಿಯಲ್ಲಿ ವಾಹನಗಳ ಸುರಂಗವೊಂದನ್ನು ಕೊರೆಯುವ ಯೋಜನೆಯೂ ಸಿದ್ಧವಾಯಿತು. ಸುರಂಗವೆಂದರೆ ಮೇಲಣ ಊರು ಉಳಿಯುತ್ತದೆಯೆಂದು ತೋರುತ್ತದೆ. ಆದರೆ ಸುರಂಗಕ್ಕೆ ಎರಡು ಬಾಯಿಗಳು ಬೇಕು, ಬಾಯಿಗಳಿಗೆ ಅಗಲವಾದ ದಾರಿಗಳು ಬೇಕು, ದಾರಿಗಳಿಗೆ ಮನೆಗಳು ಹೋಗಬೇಕು.

ಈ ಧ್ವಂಸವನ್ನು ನಡೆಸಿದವರು ಕಟುಕರಾಗಿರಲಿಲ್ಲ, ಮೂಢರಾಗಿರಲಿಲ್ಲ. ಅವರು ರಾಯಲ್ ಕ್ರೆಸೆಂಟನ್ನು ಮುಟ್ಟಲಿಲ್ಲ. ಸರ್ಕಸ್ಸಿನ ಗೋಡೆಗಳನ್ನು ಸ್ವಚ್ಛಗೊಳಿಸಿದವರೂ ಆ ಕಾಲದವರೇ. ಉಳಿಸಬೇಕಾದ ಸ್ಮಾರಕಗಳನ್ನು ಉಳಿಸಿದ್ದೇವೆ, ಮಿಕ್ಕುದು ಕೊಳೆಗೇರಿ, ಅದು ಹೋದರೆ ನಷ್ಟವೇನು ಎಂಬುದು ಅವರ ಪ್ರಾಮಾಣಿಕವಾದ ನಂಬಿಕೆಯಾಗಿತ್ತು. ನಮ್ಮಲ್ಲಿ ಇಂದು ಪ್ರಚಲಿತವಾಗಿರುವುದೂ ಇದೇ ನಂಬಿಕೆಯಾದುದರಿಂದ ಅದನ್ನು ಸ್ವಲ್ಪ ನಿಂತು ನೋಡಬೇಕು. ಊರಿನಲ್ಲಿ ಉಳಿಸಬೇಕಾದುದು ಯಾವುದು, ಬಿಡಬಹುದಾದುದು ಯಾವುದು ಎಂದು ಒಂದು ಪಟ್ಟಿಯಿಂದ ಒಮ್ಮೆಗೇ ನಿರ್ಧರಿಸಬಹುದೆಂದು ಅದು ಭಾವಿಸುತ್ತದೆ. ಕಾವ್ಯದಲ್ಲಿ ಉಪಮಾನಗಳುಳ್ಳ ಪದ್ಯಗಳನ್ನು ಮಾತ್ರ ಇಟ್ಟುಕೊಂಡು ಕಥೆ ಹೇಳುವ ಪದ್ಯಗಳನ್ನೆಲ್ಲ ಹರಿದುಹಾಕಿದರೆ ಉಳಿಯುವುದು ಕಾವ್ಯವಲ್ಲ. ಹಿನ್ನೆಲೆಯ ಬೀದಿಗಳನ್ನು ಕಳೆದುಕೊಂಡ ಕ್ರೆಸೆಂಟು ಕೂಡ ನಗರದ ಅಂಗವಾಗಿ ಉಳಿಯುವುದಿಲ್ಲ. ಅದಕ್ಕೆ ಅರ್ಥ ಬಂದುದು ಅದರ ಕೆಳಗಣ ಸಾಮಾನ್ಯ ಬೀದಿಗಳಿಂದ ಮೇಲಕ್ಕೆ ನಡೆದು ಬಂದವನ ಕಣ್ಣಿನಲ್ಲಿ.

ನ್ಯೂ ಕಿಂಗ್ ಸ್ಟ್ರೀಟ್ ಎಂಬ ಬೀದಿಯ 19ನೆಯ ಸಂಖ್ಯೆಯ ಮನೆಯನ್ನು ಇದಕ್ಕೆ ನಿದರ್ಶನವಾಗಿ ಕೊಡುತ್ತೇನೆ. ನೋಡಲು ಅದೊಂದು ಸಾಧಾರಣವಾದ ಸಾಲುಮನೆ; ಯಾವ ವಾಸ್ತುಶಿಲ್ಪದ ಚರಿತ್ರಕಾರನೂ ಅದಕ್ಕೆ ಒಂದು ಪುಟವನ್ನು ಮೀಸಲಿಡಲಾರ. ಹ್ಯಾನೋವರಿನಿಂದ ಬಂದು ಬಾತಿನಲ್ಲಿ ಆರ್ಗನ್ ನುಡಿಸಿ, ಸಂಗೀತಪಾಠ ಹೇಳಿ ಜೀವಿಸುತ್ತಿದ್ದ ವಿಲಿಯಂ ಹರ್ಷೆಲ್, ತಂಗಿ ಕ್ಯಾರೊಲಿನಳ ಸಹಾಯದಿಂದ ತಾನೇ ದರ್ಪಣಗಳನ್ನು ಉಜ್ಜಿ ದೂರದರ್ಶಕಗಳನ್ನು ಮಾಡಿಕೊಂಡು, 1781ನೆಯ ಮಾರ್ಚ್ 13ರ ರಾತ್ರಿ ಈ ಮನೆಯ ಹಿತ್ತಲಿನಿಂದ ಯುರೇನಸ್ ಗ್ರಹವನ್ನು ಕಂಡನು. ಪ್ರಾಚೀನ ಕಾಲದಿಂದಲೂ ಶನಿಯಲ್ಲಿಗೆ ಮುಗಿಯುತ್ತದೆಯೆಂದು ತಿಳಿದಿದ್ದ ಗ್ರಹಮಂಡಲ ಆ ಹಿತ್ತಲಿನಿಂದ ಹಿಗ್ಗಿತು. ಇಪ್ಪತ್ತನೆಯ ಶತಮಾನದಲ್ಲಿ ಜೀರ್ಣಾವಸ್ಥೆಗೆ ಬಂದಿದ್ದ ಆ ಮನೆಯನ್ನು ಅರಿತವರು ಕೊಂಡು ದುರಸ್ತಿ ಮಾಡಿಸಿ, 1981ರಲ್ಲಿ, ಎಂದರೆ ಆ ಸಂಶೋಧನೆಯ ದ್ವಿಶತಮಾನದ ವರ್ಷದಲ್ಲಿ, ವಸ್ತುಸಂಗ್ರಹಾಲಯವಾಗಿ ತೆರೆದರು. ಈಗ ಅದರ ಪಾಲನೆ ಟ್ರಸ್ಟಿನದು. ಈ ಮನೆ ಉಳಿದುದು ಅದರ ಮುಖಸೌಂದರ್ಯದಿಂದಲ್ಲ, ಅದನ್ನು ಬಲ್ಲವರು ಊರಿನಲ್ಲಿ ಇದ್ದುದರಿಂದ. ಬ್ಯಾಲೆನ್ಸ್ ಸ್ಟ್ರೀಟಿನೊಂದಿಗೆ ಏನೇನು ಹೋಯಿತೆಂದು ಹೇಳುವವರು ಇಂದು ಯಾರು?

1973ರಲ್ಲಿ ಆಡಂ ಫರ್ಗುಸನ್ ಎಂಬ ಪತ್ರಿಕಾಲೇಖಕರು "ದಿ ಸ್ಯಾಕ್ ಆಫ್ ಬಾತ್" ಎಂಬ ಸಣ್ಣ ಪುಸ್ತಕವನ್ನು ಪ್ರಕಟಿಸಿದರು. ಉರುಳುತ್ತಿದ್ದ ಬೀದಿಗಳ ಛಾಯಾಚಿತ್ರಗಳನ್ನೂ ಅವುಗಳ ಜಾಗದಲ್ಲಿ ಎದ್ದುವುಗಳ ಚಿತ್ರಗಳನ್ನೂ ಕಂಡ ಮೇಲೆ ಇಂಗ್ಲೆಂಡಿನ ಓದುಗರಿಗೆ, ಸ್ಥಳೀಯರು ವರ್ಷಗಳಿಂದ ಕೂಗುತ್ತಿದ್ದುದು ಏತಕ್ಕೆಂದು ತಿಳಿಯಿತು. ಆ ದಶಕದಲ್ಲಿಯೇ ಸುರಂಗದ ಯೋಜನೆಯನ್ನು ಕೈಬಿಟ್ಟರು. ಬೀದಿಬೀದಿಯಾಗಿ ಕೆಡವುವ ನೀತಿಯೂ ನಿಂತಿತು. ಸೌತ್‌ಗೇಟಿನ ಹಳೆಯ ಮನೆಗಳ ಜಾಗದಲ್ಲಿ 1970ರ ದಶಕದ ಆದಿಯಲ್ಲಿ ಎದ್ದ ಅಂಗಡಿಸಂಕೀರ್ಣದ ಗತಿಯೇನಾಯಿತೆಂದು ಕೇಳಬೇಕಾದುದು ಅವಶ್ಯ: ಅದನ್ನು 2007ರಲ್ಲಿ ನೆಲಸಮ ಮಾಡಿ, ಆ ಸ್ಥಳದಲ್ಲಿ ಮತ್ತೆ ಬಾತ್ ಕಲ್ಲಿನ ಹೊದಿಕೆಯ, ಹಳೆಯ ಶೈಲಿಯನ್ನು ಅನುಕರಿಸುವ ಕಟ್ಟಡಗಳನ್ನು ಕಟ್ಟಿದರು. ಶತಮಾನಗಳು ಬಾಳಿದುದನ್ನು ಕೆಡವಿ, ನಲವತ್ತು ವರ್ಷ ಬಾಳದುದನ್ನು ಕಟ್ಟಿ, ಅದನ್ನೂ ಕೆಡವಿ, ಕಳೆದುಕೊಂಡುದರ ಪ್ರತಿಕೃತಿಯನ್ನು ಹಣ ಕೊಟ್ಟು ತಂದುಕೊಳ್ಳುವುದಕ್ಕೆ ಅಭಿವೃದ್ಧಿಯೆಂದು ಹೆಸರಿಟ್ಟರೆ, ದುಂದಿಗೆ ಯಾವ ಹೆಸರನ್ನಿಡಬೇಕು? 1909ರ ಹೋಟೆಲಿಗೂ ಸೌತ್‌ಗೇಟಿಗೂ ಆದುದು ಒಂದೇ ಗತಿ ಎಂಬುದನ್ನು ಯೋಜನೆಗಳ ಪಕ್ಷಪಾತಿಗಳು ಮನಸ್ಸಿನಲ್ಲಿಡಬೇಕು.

ಚುನಾಯಿತರಲ್ಲದವರು ಚುನಾಯಿತರ ಅಧಿಕಾರವನ್ನು ಕಸಿಯುತ್ತಾರೆಂಬ ಆರೋಪಕ್ಕೆ ಉತ್ತರ ಸುಲಭ. ಟ್ರಸ್ಟಿನ ಕೈಯಲ್ಲಿ ಯಾವ ಅಧಿಕಾರವಿದೆ? ಒಂದು ಇಟ್ಟಿಗೆಯನ್ನು ಇಡುವುದನ್ನಾಗಲಿ ತೆಗೆಯುವುದನ್ನಾಗಲಿ ಆಜ್ಞೆಯಿಂದ ತಡೆಯುವ ಶಕ್ತಿ ಅದಕ್ಕಿಲ್ಲ. ಅದು ಮಾಡಬಲ್ಲುದು ಇಷ್ಟೇ: ಕಟ್ಟಡದ ಅನುಮತಿಗಾಗಿ ಬರುವ ಅರ್ಜಿಗಳನ್ನು ಒಂದೊಂದಾಗಿ ಓದುವುದು, ಈ ಕಿಟಕಿಯ ಚೌಕಟ್ಟು, ಈ ಚಾವಣಿಯ ಎತ್ತರ, ಈ ಅಂಗಡಿಯ ಫಲಕ, ಈ ಗುಡ್ಡದ ಮೇಲಣ ಹೊಸ ಮನೆಗಳು ಊರಿಗೆ ಒಪ್ಪುತ್ತವೆಯೆ ಇಲ್ಲವೆ ಎಂದು ಕಾರಣಸಹಿತವಾಗಿ ಬರೆಯುವುದು, ಸಾರ್ವಜನಿಕ ವಿಚಾರಣೆಯಾದರೆ ಎದ್ದುನಿಂತು ಹೇಳುವುದು. ನಿರ್ಣಯಿಸುವವರು ನಗರಸಭೆಯವರೋ ಸರ್ಕಾರದ ಸಚಿವರೋ ಆಗಿರುತ್ತಾರೆ. ಇಂಥ ನೀರಸವಾದ ಕೆಲಸವನ್ನು ತಲೆಮಾರುಗಳ ಕಾಲ ಬಿಡದೆ ಮಾಡುವುದಕ್ಕೆ ಬೇಕಾದುದು ದರ್ಪವಲ್ಲ, ತಾಳ್ಮೆ. ಸಂಬಳದ ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಸದಸ್ಯರು ಮುಂದಣ ಚುನಾವಣೆಯಲ್ಲಿ ಬದಲಾಗುತ್ತಾರೆ. ಇಪ್ಪತ್ತು ವರ್ಷಗಳ ಹಿಂದೆ ಇದೇ ನಿವೇಶನದ ಬಗ್ಗೆ ಏನು ಮಾತಾಗಿತ್ತೆಂದು ನೆನಪಿಟ್ಟುಕೊಂಡಿರುವುದು ಸಂಘ ಒಂದೇ. ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದುದು, ಪ್ರಜೆಯ ಕರ್ತವ್ಯವು ಮತವನ್ನು ಕೊಟ್ಟಲ್ಲಿಗೆ ಮುಗಿಯುವುದಿಲ್ಲವೆಂಬ ಅರಿವಿನಿಂದಲೇ ಅಲ್ಲವೆ? ಆ ಅರಿವನ್ನು ನಾವು ಸಭೆಗಳಲ್ಲಿ ಕೊಂಡಾಡುತ್ತೇವೆ. ಬೀದಿಯೊಂದರ ವಿಷಯದಲ್ಲಿ ಯಾರಾದರೂ ಅದನ್ನು ಆಚರಣೆಗೆ ತಂದರೆ ಅವರನ್ನು ಅಡ್ಡಗಾಲೆಂದು ಹಳಿಯುತ್ತೇವೆ.

ಬಡವರಿಗೆ ಮನೆಗಳು ಬೇಡವೆ ಎಂಬ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಬಾತಿನ ಆ ಸಣ್ಣ ಮನೆಗಳಲ್ಲಿ ಅನೇಕವು ತೇವ ಹಿಡಿದು, ಸ್ನಾನದ ಮನೆಯಿಲ್ಲದೆ, ಇಕ್ಕಟ್ಟಾಗಿದ್ದುವು; ಅವುಗಳ ನಿವಾಸಿಗಳಲ್ಲಿ ಎಷ್ಟೋ ಮಂದಿ ಹೊಸ ವಸತಿಗಳಿಗೆ ಸಂತೋಷದಿಂದ ಹೋಗಿರಬೇಕು. ಅವರ ಸಂತೋಷವನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ತೇವಕ್ಕೂ ಸ್ನಾನದ ಮನೆಗೂ ಪರಿಹಾರ ದುರಸ್ತಿ, ಗೋಡೆಯನ್ನು ಉರುಳಿಸುವುದಲ್ಲ. ಅದೇ ಬಗೆಯ ಮನೆಗಳಲ್ಲಿ ಅಂದು ತಪ್ಪಿಸಿಕೊಂಡವು ಇಂದು ಸುಖವಾದ ವಸತಿಗಳಾಗಿವೆ; ಆದುದರಿಂದ ಅವು ದುರಸ್ತಿಗೆ ಮೀರಿದ್ದುವೆಂಬ ಮಾತು ಸುಳ್ಳಾಯಿತು. ಈಗ ಅವುಗಳ ಬೆಲೆ ದುಡಿಯುವವನ ಕೈಗೆ ಎಟುಕದಷ್ಟು ಏರಿದೆಯೆಂಬುದೂ ನಿಜ, ಅದು ದುಃಖದ ನಿಜ. ಅದಕ್ಕೆ ಕಾರಣ ಮನೆಗಳನ್ನು ಉಳಿಸಿದುದೆ, ಅಥವಾ ಉಳಿದ ಮನೆಗಳು ತೀರ ಕಡಿಮೆಯಾದುದೆ? ಬೀದಿಗಟ್ಟಲೆ ಮನೆಗಳನ್ನು ಕೆಡವಿದವರು ಕೊರತೆಯ ಹೊಣೆಯನ್ನು ಉಳಿಸಿದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಳೆಯ ಮನೆಯನ್ನು ಸಾರ್ವಜನಿಕ ಹಣದಿಂದ ದುರಸ್ತಿ ಮಾಡಿಸಿ ಸಾಧಾರಣ ಬಾಡಿಗೆಗೆ ಕೊಡುವ ದಾರಿ ನಗರಸಭೆಗೆ ಅಂದೂ ತೆರೆದಿತ್ತು, ಇಂದೂ ತೆರೆದಿದೆ.

ಭಾರತೀಯನಾದ ನನ್ನನ್ನು ಬೇರೊಂದು ಆಕ್ಷೇಪ ಹೆಚ್ಚಾಗಿ ಕಾಡುತ್ತದೆ. ಈ ವೈಭವದ ಹಣ ಎಲ್ಲಿಂದ ಬಂದುದು? ಪ್ಲಾಸಿಯ ಕ್ಲೈವನು 1774ರಲ್ಲಿ ಸರ್ಕಸ್ಸಿನಲ್ಲಿ ಮನೆ ಮಾಡಿದ್ದನು. ಬಂಗಾಳದ ಸಂಪತ್ತು ಆ ಬಾಗಿಲೊಳಗೂ ಹೊಕ್ಕಿತು. ಊರಿನ ಮೇಲಣ ಗುಡ್ಡದಲ್ಲಿ 1827ರಲ್ಲಿ ಎದ್ದ ಗೋಪುರದ ಒಡೆಯನಾದ ವಿಲಿಯಂ ಬೆಕ್‌ಫರ್ಡನ ಐಶ್ವರ್ಯವು ಜಮೈಕದ ಕಬ್ಬಿನ ತೋಟಗಳಲ್ಲಿ ಗುಲಾಮರ ಬೆವರಿನಿಂದ ಬಂದುದು. ಇಂಥ ಕಲ್ಲುಗಳನ್ನು ಏಕೆ ಪೂಜಿಸಬೇಕೆಂದು ಕೇಳಿದರೆ, ಪೂಜಿಸಬೇಕಾಗಿಲ್ಲವೆಂದೇ ನನ್ನ ಉತ್ತರ. ಆದರೆ ಅವನ್ನು ಉರುಳಿಸಿದರೆ ಅಪರಾಧವು ಅಳಿಯುವುದಿಲ್ಲ. ಅದರ ಸಾಕ್ಷ್ಯವು ಅಳಿಯುತ್ತದೆ. ಬೆಕ್‌ಫರ್ಡನ ಗೋಪುರವು 1993ರಲ್ಲಿ ಟ್ರಸ್ಟಿನ ವಶಕ್ಕೆ ಬಂದಿತು; ಅದರ ಒಳಗಣ ಪ್ರದರ್ಶನವು ಇಂದು ಆ ಗುಲಾಮಗಿರಿಯ ಕಥೆಯನ್ನೂ ನೋಡುವವರ ಮುಂದಿಡುತ್ತದೆ. ಗೋಪುರ ಬಿದ್ದಿದ್ದರೆ ಆ ಕಥೆಯನ್ನು ಅಲ್ಲಿ ನಿಂತು ಹೇಳಲು ಸ್ಥಳವೇ ಇರುತ್ತಿರಲಿಲ್ಲ. ಮತ್ತೊಂದು ಮಾತು: ಹಣವು ಕ್ಲೈವನಂಥವರದಾದರೂ ಕೈಗಳು ಕಲ್ಲುಕುಟಿಗರವು, ಆ ಕೈಗಳ ಕೆಲಸಕ್ಕೆ ಮರ್ಯಾದೆ ಸಲ್ಲಬೇಕು.

ಸಂರಕ್ಷಣೆಯ ಉತ್ಸಾಹವು ಅತಿಯಾಗಬಹುದೆಂಬುದನ್ನು ಒಪ್ಪುತ್ತೇನೆ. 1970ರ ದಶಕದಲ್ಲಿ ರಾಯಲ್ ಕ್ರೆಸೆಂಟಿನ ಮಹಿಳೆಯೊಬ್ಬರು ತಮ್ಮ ಬಾಗಿಲಿಗೆ ಹಳದಿ ಬಣ್ಣವನ್ನು ಬಳಿಸಿದುದು ವಿಚಾರಣೆಯ ಮಟ್ಟಕ್ಕೆ ಹೋಗಿ, ಕೊನೆಗೆ ಬಾಗಿಲು ಹಳದಿಯಾಗಿಯೇ ಇರಲೆಂದು ಸರ್ಕಾರವು ತೀರ್ಪಿತ್ತಿತು. ಅದು ಸರಿಯಾದ ತೀರ್ಪು. ಆದರೆ ಆ ಹಟವನ್ನು ಹಿಡಿದಿದ್ದುದು ನಗರಸಭೆ. ಹಾಗೆಯೇ, ಸಂರಕ್ಷಣೆಯಿಂದ ಪ್ರವಾಸಿಗಳು ಬರುತ್ತಾರೆ, ಆದಾಯ ಹೆಚ್ಚುತ್ತದೆಯೆಂಬ ಸಮರ್ಥನೆಯೂ ನನಗೆ ಅಷ್ಟು ಪ್ರಿಯವಲ್ಲ. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ಬಾತಿನ ಯಾವುದೋ ಒಂದು ಭವನವಲ್ಲ, ಇಡೀ ನಗರ. ಇಡೀ ನಗರಕ್ಕೆ ಆ ಯೋಗ್ಯತೆ ಉಳಿದಿದ್ದುದು ಬೇಡವೆಂದವರಿಂದ. ಆದರೂ ಊರನ್ನು ಉಳಿಸಬೇಕಾದುದು ಮೊದಲಿಗೆ ಅಲ್ಲಿ ಹುಟ್ಟಿ ಬೆಳೆಯುವವರಿಗಾಗಿ, ಆಮೇಲೆ ನೋಡಬಂದವರಿಗಾಗಿ.

ನಮ್ಮ ಮೈಸೂರಿನಲ್ಲಿ ಈ ವಾದವನ್ನು ಕೇಳಬೇಕಾದ ಸಂದರ್ಭ ಒದಗಿ ವರ್ಷಗಳಾದವು. 1892ರಷ್ಟು ಹಳೆಯದಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವವು ಬಿದ್ದಿತು. ಅಂದಿನಿಂದ, ಕೆಡವಿ ಹೊಸದನ್ನು ಕಟ್ಟುವುದೇ ವಿವೇಕವೆಂಬ ಮಾತು ಬಲವಾಯಿತು. ದುರಸ್ತಿ ಸಾಧ್ಯವೆಂದು ಪ್ರತಿಪಾದಿಸಿದ ನಾಗರಿಕರು ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಯಿತು. ಹಳೆಯದಾದುದರಿಂದ ಬಿದ್ದಿತೋ, ಆರೈಕೆಯಿಲ್ಲದೆ ಬಿದ್ದಿತೋ ಎಂದು ಅವರು ಕೇಳಿದ ಪ್ರಶ್ನೆ ಸತ್ತವರಿಗೆ ಮಾಡಿದ ಅಗೌರವವಲ್ಲ. ಇನ್ನೊಂದು ಕಡೆ ಇನ್ನು ನಾಲ್ವರು ಸಾಯದಿರಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಲ್ಯಾನ್ಸ್‌ಡೌನ್ ಕಟ್ಟಡಕ್ಕಿಂತ ನೂರು ವರ್ಷ ಹಿರಿದಾದ ಮನೆಗಳಲ್ಲಿ ಬಾತಿನ ಜನ ಇಂದು ಮಕ್ಕಳನ್ನು ಮಲಗಿಸುತ್ತಾರೆ. ವಯಸ್ಸೇ ಅಪಾಯವಾಗಿದ್ದರೆ ಅದು ಹೇಗೆ ಸಾಧ್ಯ? ಗಾರೆಯ ಗೋಡೆಯನ್ನು ಗಾರೆಯಿಂದಲೇ ಸರಿಪಡಿಸಬಲ್ಲ ಕೆಲಸದವರನ್ನು ಹುಡುಕಿ ಬೆಳೆಸುವುದು, ಮಳೆಗಾಲಕ್ಕೆ ಮುಂಚೆ ತಾರಸಿಯ ಬಿರುಕುಗಳನ್ನು ಮುಚ್ಚಿಸುವುದು, ಗೋಡೆಯಲ್ಲಿ ಬೇರುಬಿಟ್ಟ ಅರಳಿಯ ಸಸಿಯನ್ನು ಬೆರಳುದ್ದವಿರುವಾಗಲೇ ಕೀಳಿಸುವುದು, ಇವು ಯಾವ ಶಿಲಾನ್ಯಾಸಕ್ಕೂ ಒದಗದ ಕೆಲಸಗಳು. ಆದುದರಿಂದಲೇ ಅವನ್ನು ನೆನಪಿಸುತ್ತಲೇ ಇರತಕ್ಕ ಸಂಘವೊಂದು ಬೇಕು. ಮೈಸೂರಿನಲ್ಲಿ ಬೇಕು, ಶ್ರೀರಂಗಪಟ್ಟಣದಲ್ಲಿ ಬೇಕು, ವಿಜಯಪುರದಲ್ಲಿ ಬೇಕು. ಹಳೆಯ ಕಟ್ಟಡವೊಂದನ್ನು ಕೆಡವುವ ಪ್ರಸ್ತಾಪ ಬಂದಾಗಲೆಲ್ಲ, ದುರಸ್ತಿಗೆ ತಗಲುವ ಖರ್ಚಿನ ಅಂದಾಜನ್ನು, ಗಾರೆಯ ಕೆಲಸವನ್ನು ಬಲ್ಲವರಿಂದ ಮಾಡಿಸಿ, ಹೊಸ ಕಟ್ಟಡದ ಅಂದಾಜಿನ ಪಕ್ಕದಲ್ಲಿ ಪ್ರಕಟಿಸಬೇಕೆಂದೂ, ಅಲ್ಲಿ ವ್ಯಾಪಾರ ಮಾಡುತ್ತಿರುವವರಿಗೆ ಕೆಲಸ ಮುಗಿಯುವ ತನಕ ಎಲ್ಲಿ ಜಾಗ ಕೊಡುತ್ತಾರೆಂಬುದನ್ನು ಬರಹದಲ್ಲಿ ತಿಳಿಸಬೇಕೆಂದೂ ಆ ಸಂಘವು ನಗರಪಾಲಿಕೆಯನ್ನು ಕೇಳಬೇಕು. ಉತ್ತರ ಬರುವವರೆಗೆ ಕೇಳುತ್ತಲೇ ಇರಬೇಕು.